ಡಂಬಳದ ಶಿಲೆಯೂ ಗಣಕದ ಅಕ್ಷರವೂ

ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊರೆತ ಕ್ರಿ.ಶ. 1095ರ ಶಾಸನವು ಇತಿಹಾಸಾಭ್ಯಾಸಿಗಳಿಗೆ ಸುಪರಿಚಿತವಾದುದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ತಾರಾದೇವಿಯ ವಿಹಾರವನ್ನೂ ಅದು ಉಲ್ಲೇಖಿಸುತ್ತದೆ. 1881ರಲ್ಲಿ ಅದನ್ನು ಪ್ರಕಟಿಸಿದ ಫ್ಲೀಟ್ ಅವರು ಕಂಡರಿಸಿದವನ ಅಪ್ಪಣೆಯನ್ನಾಗಲಿ ಅವನ ಉಳಿಯನ್ನಾಗಲಿ ಅರಸಬೇಕಾಗಲಿಲ್ಲ. ಲಿಪಿಯು ಎಲ್ಲರ ಸೊತ್ತಾಗಿದ್ದಿತು; ಬಲ್ಲವರಿಗೆ ಶಿಲೆಯು ತಾನಾಗಿ ಓದಿಸಿಕೊಂಡಿತು. ಇದಕ್ಕೆ ತೀರ ವಿಪರೀತವಾದ ಸ್ಥಿತಿಯೊಂದು 20ನೆಯ ಶತಮಾನದ ಕೊನೆಯ ದಶಕದಲ್ಲಿ ಗಣಕಯಂತ್ರದ ಕನ್ನಡಕ್ಕೆ ಒದಗಿತು. ಅದರ ಕಾರಣವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಗಣಕವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಆದುದರಿಂದ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವು ಮೊದಲು ಆಗಬೇಕು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ 'ಇಸ್ಕಿ' ಎಂಬ ಸಂಕೇತವ್ಯವಸ್ಥೆಯನ್ನು ಗೊತ್ತುಪಡಿಸಿತ್ತು. ಆದರೆ ಮುದ್ರಣಕ್ಕೆಂದು ಅಕ್ಷರಶೈಲಿಗಳನ್ನು ಮಾರಿದವರು ಬೇರೆ ಹಾದಿ ಹಿಡಿದರು. ಲಭ್ಯವಿದ್ದ 256 ಸ್ಥಾನಗಳಲ್ಲಿ ತಲೆಕಟ್ಟು, ಗುಣಿತ, ಒತ್ತುಗಳ ತುಣುಕುಗಳನ್ನು ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಹೊಂದಿಸಿದರು. ಒಬ್ಬರ ತಂತ್ರಾಂಶದಲ್ಲಿ ಬೆರಳಚ್ಚಾದ ಬರಹವು ಇನ್ನೊಬ್ಬರದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಒಮ್ಮೆ ಒಂದನ್ನು ಕೊಂಡ ಮುದ್ರಣಾಲಯವು ತನ್ನ ಹಳೆಯ ಕಡತಗಳ ಸಲುವಾಗಿಯೇ ಅದಕ್ಕೆ ಕಟ್ಟುಬಿದ್ದಿತು. ಕೊಂಡವರು ತಮ್ಮ ಬರಹವನ್ನೇ ಮಾರಿದವರಲ್ಲಿ ಒತ್ತೆಯಿಟ್ಟಂತಾಯಿತು.

ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿ ಉಚಿತವಾಗಿ ದೊರಕಿಸಿದ 'ನುಡಿ'ಯು ಕೀಲಿಮಣೆಯಲ್ಲಿಯೂ ತುಣುಕುಗಳ ಕ್ರಮದಲ್ಲಿಯೂ ಏಕರೂಪತೆಯನ್ನು ತರಲು ಯತ್ನಿಸಿತು. ಈ ಉಪಕಾರವು ಅಲ್ಪವಾದುದಲ್ಲ. ಆದರೂ ಅಲ್ಲಿ ಸಂಖ್ಯೆ ದೊರೆತದ್ದು ಆಕಾರದ ತುಣುಕಿಗೆ, ಅಕ್ಷರಕ್ಕಲ್ಲ. ಆ ಕಾರಣ ಪದಗಳನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕಷ್ಟವಾಗಿಯೇ ಉಳಿಯಿತು. 1991ರಲ್ಲಿ ಮೊದಲು ಪ್ರಕಟವಾದ 'ಯೂನಿಕೋಡ್' ಇಸ್ಕಿಯ ಕ್ರಮವನ್ನು ಅನುಸರಿಸಿ, ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಕೊಟ್ಟು, ಅಕ್ಷರಕ್ಕೇ ಸಂಖ್ಯೆಯನ್ನಿತ್ತಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯು 'ತುಂಗಾ' ಅಕ್ಷರಶೈಲಿಯೊಡನೆ ಬಂದ ಮೇಲೆ ಈ ಸೌಲಭ್ಯವು ಸಾಮಾನ್ಯ ಬಳಕೆದಾರರಿಗೂ ದಕ್ಕಿತು. ನಿಯಮವು ಬಹಿರಂಗವಾಗಿರುವುದರಿಂದ ಅಕ್ಷರಶೈಲಿಯನ್ನು ಯಾರೂ ರಚಿಸಬಹುದು. ಶೈಲಿ ಬದಲಾದರೂ ಬರಹವು ಕೆಡದು.

ಹೀಗಿದ್ದರೂ ಹಳೆಯ ಕಡತಗಳ ಪ್ರಶ್ನೆ ಉಳಿದೇ ಇದೆ. ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ, ಸಂಘದ ನಡಾವಳಿ ಮುಂತಾದವು ಮುಂಡರಗಿಯಂಥ ಊರಿನ ಇತಿಹಾಸಕ್ಕೆ ಆಕರಗಳು. ತುಣುಕುಗಳ ಕೋಷ್ಟಕವು ದೊರೆಯದಿದ್ದಲ್ಲಿ, ಅಚ್ಚಾದ ಹಾಳೆಯನ್ನು ಕಡತದೊಡನೆ ಹೋಲಿಸಿ, ಲಿಪಿತಜ್ಞನು ಅಪರಿಚಿತ ಲಿಪಿಯನ್ನು ಬಿಡಿಸುವಂತೆ ಒಂದೊಂದೇ ಗುರುತನ್ನು ಬಿಡಿಸಬೇಕಾಗುತ್ತದೆ. ಆದಕಾರಣ ಇಂಥ ಕಡತಗಳುಳ್ಳವರು ಅಚ್ಚಿನ ಒಂದು ಪ್ರತಿಯನ್ನೂ ಅಕ್ಷರಶೈಲಿಯ ಹೆಸರನ್ನೂ ಜೊತೆಯಲ್ಲಿ ಕಾದಿರಿಸಿ, ಬೇಗನೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಯುಕ್ತ. ಇಲ್ಲವಾದರೆ ಒಂಬತ್ತು ಶತಮಾನಗಳ ಹಿಂದಿನ ಸೆಟ್ಟಿಗಳ ಧರ್ಮಕಾರ್ಯವನ್ನು ನಾವು ಓದಬಲ್ಲೆವು, ನಮ್ಮ ತಂದೆಯವರ ಕಾಲದ ನಡಾವಳಿಯನ್ನು ಓದಲಾರೆವು.