ಎತ್ತಿದ ಬೆರಳು, ಮೂರು ಮೈದಾನಗಳು

ಮುಖರ್ಜಿ ನಗರವೆಂದರೆ ಊರಿನ ಬಂಧುಗಳಿಗೆ ನೆನಪಾಗುವುದು ನಾಗರಿಕ ಸೇವಾ ಪರೀಕ್ಷೆಯ ತರಬೇತಿ ಕೇಂದ್ರಗಳು, ಬತ್ರಾ ಚಿತ್ರಮಂದಿರದ ಸುತ್ತಲಿನ ಪುಸ್ತಕದಂಗಡಿಗಳು, ಒಂದೇ ಕೋಣೆಯಲ್ಲಿ ಮೂವರು ಮಲಗುವ ಬಾಡಿಗೆ ಮನೆಗಳು. ಇಲ್ಲಿ ನೆಲೆಸಿರುವ ನಮ್ಮಂತಹ ಸರ್ಕಾರಿ ನೌಕರರಿಗೆ ಭಾನುವಾರದ ಬೆಳಗಿನ ಕ್ರಿಕೆಟ್ಟೂ ಈ ಬಡಾವಣೆಯ ಒಂದು ಭಾಗ. ನಲವತ್ತು, ಐವತ್ತು ದಾಟಿದ ನಾವು ಎಂಟು ಹತ್ತು ಮಂದಿ. ಪರೀಕ್ಷೆಗೆ ಓದಲು ಬಂದಿರುವ ಕನ್ನಡದ ಹುಡುಗರು ಅಷ್ಟೇ ಮಂದಿ. ಅಂಪೈರ್ ಎಂದು ಹೊರಗಿನವರು ಯಾರೂ ಇಲ್ಲ. ಬ್ಯಾಟಿಂಗ್ ಮಾಡುವ ತಂಡದವರೇ ಸರದಿಯಂತೆ ನಿಲ್ಲಬೇಕು.

ಕಳೆದ ಚಳಿಗಾಲದ ಒಂದು ಭಾನುವಾರ ಆ ಸರದಿ ನನ್ನದಾಗಿತ್ತು. ನನ್ನ ಹಳೆಯ ಗೆಳೆಯರೊಬ್ಬರು ಬ್ಯಾಟ್ ಮಾಡುತ್ತಿದ್ದರು. ಚೆಂಡು ಕೀಪರನ ಕೈ ಸೇರಿತು, ಹುಡುಗರೆಲ್ಲ ಒಟ್ಟಿಗೆ ಕೂಗಿದರು, ನಾನು ಬೆರಳೆತ್ತಿದೆ. ಚೆಂಡು ಬ್ಯಾಟಿಗೆ ತಾಗಿದ ಸದ್ದು ನನಗೆ ಕೇಳಿಸಿರಲಿಲ್ಲ. ನಮ್ಮವರೆಂದು ಉಳಿಸಿದರು ಎಂಬ ಮಾತು ಬರಬಾರದೆಂಬ ಅಳುಕೇ ಬೆರಳನ್ನು ಮೇಲಕ್ಕೆತ್ತಿತ್ತು. ಗೆಳೆಯರು ಒಂದು ಕ್ಷಣ ನನ್ನ ಮುಖವನ್ನೇ ನೋಡಿ ಹೊರನಡೆದರು. ಆಟ ಮುಗಿದು ಚಹಾ ಕುಡಿಯುವಾಗ ಕೀಪರ್ ಹುಡುಗನೇ ಮೆಲ್ಲಗೆ, “ತಾಗಿರಲಿಲ್ಲ ಸರ್” ಎಂದ. ಅಷ್ಟರಲ್ಲಿ ಗೆಳೆಯರು ಮನೆಗೆ ಹೋಗಿದ್ದರು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಆ ವಾರಗಳಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು 1980ರ ಫೆಬ್ರುವರಿ ತಿಂಗಳನ್ನು. ಆಟಗಾರ ಮತ್ತು ಅಂಪೈರ್‌ ನಡುವಿನ ಸಂಬಂಧದ ಚರಿತ್ರೆಯಲ್ಲಿ ಅಂತಹ ತಿಂಗಳು ಇನ್ನೊಂದಿರಲಾರದು. ಮೂರು ವಾರಗಳ ಅವಧಿಯಲ್ಲಿ, ಮೂರು ಮೈದಾನಗಳಲ್ಲಿ, ಒಂದೇ ಪ್ರಶ್ನೆಗೆ ಮೂರು ಉತ್ತರಗಳು ದೊರೆತವು.

ಮೊದಲನೆಯದು ನ್ಯೂಜಿಲೆಂಡಿನ ಡನೀಡಿನ್. ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್ ಪಂದ್ಯ ಫೆಬ್ರುವರಿ 8ರಂದು ಅಲ್ಲಿ ಆರಂಭವಾಯಿತು. ಮೈಕೆಲ್ ಹೋಲ್ಡಿಂಗ್ ಎಸೆದ ಚೆಂಡು ಜಾನ್ ಪಾರ್ಕರ್ ಅವರ ಗ್ಲೌಸಿಗೆ ತಾಗಿ ಕೀಪರನ ಕೈಸೇರಿತೆಂದು ತಂಡವೆಲ್ಲ ಮನವಿ ಮಾಡಿತು. ಅಂಪೈರ್ ಜಾನ್ ಹೇಸ್ಟಿ ಒಪ್ಪಲಿಲ್ಲ. ಹೋಲ್ಡಿಂಗ್ ಬ್ಯಾಟ್ಸ್‌ಮನ್‌ ಕಡೆಗೆ ನಡೆದುಹೋಗಿ ಸ್ಟಂಪುಗಳನ್ನು ಒದ್ದು ಕೆಡವಿದರು. ಆ ಕ್ಷಣದ ಛಾಯಾಚಿತ್ರ ಇಂದಿಗೂ ಕ್ರಿಕೆಟ್ ಪುಸ್ತಕಗಳಲ್ಲಿ ಮುದ್ರಣವಾಗುತ್ತಿದೆ. ಪಂದ್ಯವನ್ನು ನ್ಯೂಜಿಲೆಂಡ್ ಒಂದು ವಿಕೆಟ್ಟಿನಿಂದ ಗೆದ್ದಿತು.

ಎರಡನೆಯದು ಮುಂಬಯಿಯ ವಾಂಖೆಡೆ. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಇಂಗ್ಲೆಂಡಿನೊಂದಿಗೆ ಏರ್ಪಟ್ಟ ಏಕೈಕ ಟೆಸ್ಟ್ ಅದು. ಆರಂಭವಾದದ್ದು ಫೆಬ್ರುವರಿ 15ರಂದು. ಮರುದಿನ ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋದ ಆ ದಿನವನ್ನೇ ಪಂದ್ಯದ ವಿಶ್ರಾಂತಿ ದಿನವನ್ನಾಗಿ ಮಾಡಿದ್ದರು. ಭಾರತದ ನಾಯಕ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ. ಅಂಪೈರುಗಳಲ್ಲಿ ಒಬ್ಬರು ಕರ್ನಾಟಕದವರೇ ಆದ ಎಸ್. ಎನ್. ಹನುಮಂತರಾವ್.

ಭಾರತದ 242 ರನ್ನುಗಳಿಗೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬಾಥಮ್ ಜೊತೆಗೂಡಿದ ಬಾಬ್ ಟೇಲರ್ ಅವರನ್ನು, ಕಪಿಲ್ ದೇವ್ ಬೌಲಿಂಗಿನಲ್ಲಿ ಕೀಪರನಿಗೆ ಕ್ಯಾಚ್ ಕೊಟ್ಟರೆಂದು ಹನುಮಂತರಾವ್ ಔಟ್ ಕೊಟ್ಟರು. ಟೇಲರ್ ಅಚ್ಚರಿಯಿಂದ ನಿಂತರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ಖಚಿತವಾಗಿತ್ತು. ಅವರು ಅಂಪೈರ್ ಬಳಿ ಮಾತನಾಡಿ ಮನವಿಯನ್ನು ಹಿಂತೆಗೆದುಕೊಂಡರು. ಟೇಲರ್ ಆಟ ಮುಂದುವರಿಸಿದರು. ಬಾಥಮ್ ಮತ್ತು ಟೇಲರ್ ಆರನೆಯ ವಿಕೆಟ್ಟಿಗೆ 171 ರನ್ ಸೇರಿಸಿದರು. ಬಾಥಮ್ 114 ರನ್ ಗಳಿಸಿದ್ದಲ್ಲದೆ ಪಂದ್ಯದಲ್ಲಿ 13 ವಿಕೆಟ್ ಪಡೆದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ನಾಯಕತ್ವ ವಹಿಸಿದ್ದು ಎರಡೇ ಟೆಸ್ಟುಗಳಲ್ಲಿ, ಇದು ಎರಡನೆಯದು.

ಮೂರನೆಯದು ಮತ್ತೆ ನ್ಯೂಜಿಲೆಂಡ್. ಫೆಬ್ರುವರಿ 22ರಂದು ಕ್ರೈಸ್ಟ್‌ಚರ್ಚಿನಲ್ಲಿ ಆರಂಭವಾದ ಟೆಸ್ಟಿನಲ್ಲಿ ವೆಸ್ಟ್ ಇಂಡೀಸ್ ತಂಡ ಚಹಾ ವಿರಾಮದ ನಂತರ ಮೈದಾನಕ್ಕಿಳಿಯಲು ನಿರಾಕರಿಸಿ ತಡವಾಗಿ ಬಂದಿತು. ಅದೇ ಪಂದ್ಯದಲ್ಲಿ ಕಾಲಿನ್ ಕ್ರಾಫ್ಟ್ ಬೌಲ್ ಮಾಡಲು ಓಡಿಬರುತ್ತ ಅಂಪೈರ್ ಫ್ರೆಡ್ ಗುಡಾಲ್ ಅವರಿಗೆ ಡಿಕ್ಕಿ ಹೊಡೆದರು. ತಮಗೆ ಅನ್ಯಾಯವಾಗುತ್ತಿದೆ ಎಂಬ ಆ ತಂಡದ ನಂಬಿಕೆ ಆಧಾರರಹಿತವಾಗಿತ್ತೆಂದು ನಾನು ಹೇಳಲಾರೆ. ಆದರೆ ನ್ಯಾಯ ಕೇಳಲು ಅವರು ಹಿಡಿದ ದಾರಿಯಲ್ಲಿ ಅಂಪೈರ್ ತನ್ನ ತಪ್ಪನ್ನು ಒಪ್ಪಿಕೊಳ್ಳಲು ಜಾಗವೇ ಇರಲಿಲ್ಲ.

ವಿಶ್ವನಾಥರ ಔದಾರ್ಯದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಹನುಮಂತರಾವ್ ಅವರ ಪಾಲನ್ನು ಹೇಳುವವರು ಕಡಿಮೆ. ಕ್ರಿಕೆಟ್ ನಿಯಮಗಳಲ್ಲಿ ಮನವಿಯನ್ನು ಕುರಿತಾದದ್ದು ಇಂದಿನ ಸಂಹಿತೆಯಲ್ಲಿ 31ನೆಯ ನಿಯಮ. ಅದರ ಪ್ರಕಾರ ನಾಯಕನು ಮನವಿಯನ್ನು ಹಿಂತೆಗೆದುಕೊಳ್ಳಬೇಕಾದರೆ ತೀರ್ಪು ನೀಡಿದ ಅಂಪೈರಿನ ಒಪ್ಪಿಗೆ ಬೇಕು. ಮುಂದಿನ ಎಸೆತಕ್ಕೆ ಚೆಂಡು ಆಟಕ್ಕೆ ಬರುವುದರೊಳಗೆ ಅದು ಮುಗಿಯಬೇಕು. ತನ್ನ ತೀರ್ಪನ್ನು ತಾನೇ ಬದಲಿಸುವ ಅಧಿಕಾರವನ್ನೂ ನಿಯಮ ಅಂಪೈರಿಗೆ ಕೊಟ್ಟಿದೆ. ತಡಮಾಡದೆ ಬದಲಿಸಬೇಕು, ಅಷ್ಟೆ. ಸಾವಿರಾರು ಜನರ ಎದುರು, ಉತ್ಸವದ ಪಂದ್ಯದಲ್ಲಿ, ಎತ್ತಿದ ಬೆರಳನ್ನು ಇಳಿಸುವುದು ಸಣ್ಣ ಕೆಲಸವಲ್ಲ. ಅಲ್ಲಿ ಇಬ್ಬರು ಕನ್ನಡಿಗರು ಸೇರಿ ಒಂದು ತಪ್ಪನ್ನು ತಿದ್ದಿದರು. ಒಬ್ಬರ ಹೆಸರು ಮಾತ್ರ ಜನಮನದಲ್ಲಿ ಉಳಿಯಿತು.

ಅಂಪೈರ್ ಎಂಬ ಪದದ ಮೂಲ ಹಳೆಯ ಫ್ರೆಂಚಿನ ‘ನೊಂಪರ್’. ಸರಿಜೋಡಿಯಲ್ಲದವನು, ಬೆಸವಾಗಿ ಉಳಿದ ಮೂರನೆಯವನು ಎಂದರ್ಥ. ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪದದ ಹಳೆಯ ಬಳಕೆಗಳಲ್ಲಿ ಒಂದು ಹದಿನಾಲ್ಕನೆಯ ಶತಮಾನದ ವಿಲಿಯಂ ಲ್ಯಾಂಗ್‌ಲ್ಯಾಂಡ್‌ನ ಕಾವ್ಯದಲ್ಲಿದೆ. ಹೆಂಡದಂಗಡಿಯಲ್ಲಿ ಕುಡಿಯುತ್ತಿದ್ದವರು ಒಬ್ಬನ ನಿಲುವಂಗಿಯನ್ನೂ ಇನ್ನೊಬ್ಬನ ಮುಸುಕನ್ನೂ ಅದಲುಬದಲು ಮಾಡುವಾಗ ಬೆಲೆಯ ತಕರಾರು ಏಳುತ್ತದೆ. ಅಲ್ಲೇ ಇದ್ದ ಹಗ್ಗ ಹೊಸೆಯುವವನೊಬ್ಬನನ್ನು ತೀರ್ಪು ಹೇಳಲು ಎಬ್ಬಿಸಿ ನಿಲ್ಲಿಸುತ್ತಾರೆ. ನಮ್ಮ ‘ಮಧ್ಯಸ್ಥ’ ಎಂಬ ಪದಕ್ಕೂ ನಡುವೆ ನಿಂತವನು ಎಂದೇ ಅರ್ಥ. ಗೆಳೆಯರ ಗುಂಪಿನೊಳಗಿಂದಲೇ ಎದ್ದು ನಿಂತು, ಕೆಲಸ ಮುಗಿದ ಮೇಲೆ ಮತ್ತೆ ಅವರ ಪಕ್ಕದಲ್ಲೇ ಕೂರಬೇಕಾದವನು ಅವನು.

ವೃತ್ತಿಪರ ಕ್ರಿಕೆಟ್ ಈ ಸಂಕಟದಿಂದ ಪಾರಾಗಲು ಅಂಪೈರನ್ನು ದೂರದೇಶದಿಂದ ತರಿಸಿತು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಆಡಿದಾಗ ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ತಟಸ್ಥ ಅಂಪೈರುಗಳಾಗಿ ನಿಂತರು. ಮರುವರ್ಷ ಫೈಸಲಾಬಾದಿನಲ್ಲಿ ಮೈಕ್ ಗ್ಯಾಟಿಂಗ್ ಮತ್ತು ಶಕೂರ್ ರಾಣಾ ಬೆರಳು ತೋರಿಸಿಕೊಂಡು ಜಗಳವಾಡಿ ಒಂದು ದಿನದ ಆಟವೇ ನಿಂತುಹೋಯಿತು. ಆಮೇಲೆ ಮ್ಯಾಚ್ ರೆಫರಿಗಳು ಬಂದರು. ವಿಶ್ವನಾಥರೂ ಕೆಲವು ವರ್ಷ ಆ ಕುರ್ಚಿಯಲ್ಲಿ ಕುಳಿತರು. ಕೊನೆಗೆ ಮರುಪರಿಶೀಲನೆಯ ಕ್ಯಾಮೆರಾಗಳು ಬಂದವು. 2017ರ ಸಂಹಿತೆಯಲ್ಲಿ ಸೇರಿದ 42ನೆಯ ನಿಯಮವು ಅಂಪೈರನ್ನು ಬೆದರಿಸಿದ ಆಟಗಾರನನ್ನು ಹೊರಗೆ ಕಳುಹಿಸಲು, ಎದುರಾಳಿಗೆ ಐದು ದಂಡದ ರನ್ ಕೊಡಲು ಅವಕಾಶ ಕಲ್ಪಿಸಿತು. ಹವ್ಯಾಸಿ ಪಂದ್ಯಗಳಲ್ಲಿ ಅಂಪೈರುಗಳ ಮೇಲಿನ ದೌರ್ಜನ್ಯವೇ ಅದಕ್ಕೆ ಮುಖ್ಯ ಪ್ರೇರಣೆ.

ನಮ್ಮ ಭಾನುವಾರದ ಆಟಕ್ಕೆ ಕ್ಯಾಮೆರಾ ಇಲ್ಲ, ರೆಫರಿ ಇಲ್ಲ. ಐದು ದಂಡದ ರನ್ ಕೊಟ್ಟರೆ ಎಲ್ಲರೂ ನಕ್ಕಾರು. ನಮಗಿರುವುದು ವಾಂಖೆಡೆಯ ಹಳೆಯ ದಾರಿಯೊಂದೇ: ಗೊತ್ತಿದ್ದವನು ಸಮಯಕ್ಕೆ ಹೇಳಬೇಕು, ತೀರ್ಪಿತ್ತವನು ಒಪ್ಪಬೇಕು. ನಾನು ಆ ಸಮಯವನ್ನು ಕಳೆದುಕೊಂಡಿದ್ದೆ.

ಕಳೆದುಕೊಂಡವರಿಗೂ ಒಂದು ದಾರಿಯಿದೆ ಎಂಬುದನ್ನು ನಾನು ಕಲಿತದ್ದು ಬೇಸ್‌ಬಾಲ್‌ನಿಂದ. 2010ರ ಜೂನ್ 2ರಂದು ಡೆಟ್ರಾಯಿಟ್ ತಂಡದ ಅರ್ಮಾಂಡೊ ಗಲರಾಗ ಎದುರಾಳಿಗಳ 26 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಪರಿಪೂರ್ಣ ಪಂದ್ಯ. ಶತಮಾನಕ್ಕೂ ಮಿಕ್ಕಿದ ಇತಿಹಾಸದಲ್ಲಿ ಬೆರಳೆಣಿಕೆಯಷ್ಟು ಜನರಿಗೆ ಸಿಕ್ಕ ಗೌರವ. 27ನೆಯವನು ಔಟಾಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ಸುರಕ್ಷಿತ ಎಂದುಬಿಟ್ಟರು. ಪಂದ್ಯದ ನಂತರ ದೃಶ್ಯವನ್ನು ನೋಡಿ ತಪ್ಪು ತನ್ನದೆಂದು ಬಹಿರಂಗವಾಗಿ ಒಪ್ಪಿಕೊಂಡರು. ತೀರ್ಪು ಬದಲಾಗಲಿಲ್ಲ. ಮರುದಿನ ಗಲರಾಗ ಮೈದಾನಕ್ಕೆ ಬಂದು ತಂಡದ ಪಟ್ಟಿಯನ್ನು ಜಾಯ್ಸ್ ಕೈಗಿತ್ತರು, ಜಾಯ್ಸ್ ಕಣ್ಣೊರೆಸಿಕೊಂಡರು.

ಮೂರನೆಯ ವಾರ ನಾನು ಗೆಳೆಯರಿಗೆ ಫೋನ್ ಮಾಡಿ, ಸದ್ದು ಕೇಳಿಸದೆಯೇ ಬೆರಳೆತ್ತಿದ್ದೆ ಎಂದು ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಅದು ನನಗೆ ಅಂದೇ ತಿಳಿದಿತ್ತು. ನೀವು ಹೇಳುತ್ತೀರೋ ಇಲ್ಲವೋ ಎಂದು ಕಾಯುತ್ತಿದ್ದೆ” ಎಂದರು. ಎರಡು ಭಾನುವಾರಗಳ ನಂತರ ಬಂದರು. ಆ ದಿನ ಬ್ಯಾಟ್ ಹಿಡಿಯಲಿಲ್ಲ. ನನ್ನ ಸರದಿಯನ್ನು ತಾವು ವಹಿಸಿಕೊಂಡು ಅಂಪೈರಾಗಿ ನಿಂತರು. ಈಗ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಬೆರಳೆತ್ತಿದ ಮೇಲೆ ಅಂಪೈರ್ ಕೀಪರನ ಮುಖವನ್ನೊಮ್ಮೆ ನೋಡುತ್ತಾನೆ. ಆಮೇಲೆಯೇ ಮುಂದಿನ ಚೆಂಡು.