ಕನ್ನಡ ಕ್ರಿಸ್ಮಸ್ ಗೀತೆಗಳ ಎರಡು ಧಾಟಿ

ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಕನ್ನಡ ಕ್ರಿಸ್ಮಸ್ ಗೀತೆಗಳು ಬೇರೂರಿದ್ದು ಸ್ವಿಟ್ಜರ್ಲೆಂಡಿನ ಜರ್ಮನ್ ನುಡಿಯ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನಿಂದ. 1833ರ ಚಾರ್ಟರ್ ಕಾಯ್ದೆಯಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆ ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ಮಿಶನ್ನಿನ ಕೆಲಸ ಶುರುವಾಯಿತು. ಮಾರ್ಟಿನ್ ಲೂಥರನ ಕಾಲದಿಂದ ಜರ್ಮನ್ ಸೀಮೆಯಲ್ಲಿ ಸಭೆಯೆಲ್ಲ ಒಟ್ಟಾಗಿ ತಾಯ್ನುಡಿಯಲ್ಲಿ ಹಾಡುವುದು ಆರಾಧನೆಯ ಮುಖ್ಯ ಅಂಗವಾಗಿತ್ತು. ಆ ರೂಢಿ ಇಲ್ಲಿಗೂ ಬಂತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮಿಶನ್ ಛಾಪಖಾನೆ ಅದಕ್ಕೆ ಬೇಕಾದ ಸಂಗೀತ ಪುಸ್ತಕಗಳನ್ನು ಒದಗಿಸಿತು.

ಮೊದಲ ಧಾಟಿ ಯುರೋಪಿನದು: ರಾಗ ಅಲ್ಲಿಯದು, ಮಾತು ಕನ್ನಡದ್ದು. ಇದರಲ್ಲಿ ಒಂದು ತೊಡಕಿತ್ತು. ಕನ್ನಡ ಪದ್ಯ ನಿಂತಿರುವುದು ಲಘು–ಗುರುಗಳ ಲೆಕ್ಕದ ಮೇಲೆ; ಜರ್ಮನ್, ಇಂಗ್ಲಿಷ್ ಗೀತೆಗಳು ಒತ್ತಿನ ಮೇಲೆ. ಮೋರ್ ಬರೆದ ಮಾತಿಗೆ 1818ರಲ್ಲಿ ಆಸ್ಟ್ರಿಯಾದಲ್ಲಿ ಗ್ರೂಬರ್ ಸ್ವರ ಹಾಕಿದ ‘ಸೈಲೆಂಟ್ ನೈಟ್’ ಗೀತೆಯ ಆರಂಭವನ್ನೇ ನೋಡಬಹುದು. ಅದರ ಮೊದಲ ನಾಲ್ಕು ಸ್ವರಗಳಲ್ಲಿ ಒಂದನೆಯದೂ ನಾಲ್ಕನೆಯದೂ ಎಳೆಯುತ್ತವೆ. ಅಲ್ಲಿ ‘ಕುರುಬರು’ ಎಂಬ ನಾಲ್ಕು ಲಘುಗಳ ಮಾತನ್ನು ಕೂರಿಸಿದರೆ ಅದು ‘ಕೂರುಬರೂ’ ಆಗುತ್ತದೆ. ಹಾಗಾಗಿ ಅನುವಾದಕರು ಎಳೆಯುವ ಸ್ವರಕ್ಕೆ ಗುರು ಅಕ್ಷರವನ್ನೇ ಹುಡುಕಬೇಕಾಗುತ್ತದೆ.

ಎರಡನೆಯ ಧಾಟಿ ದೇಶೀಯ. ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಹಾಡಿಗೆ ಈ ನಾಡಿನಲ್ಲಿರುವ ಹಿಡಿತ ಮಿಶನರಿಗಳಿಗೆ ಗೊತ್ತಿತ್ತು. ಮುಂದೆ ನಿಘಂಟಿನಿಂದ ಹೆಸರಾದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಜೀವನವನ್ನು ಈ ನಾಡಿನ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದ. ತಂಜಾವೂರಿನ ವೇದನಾಯಕಂ ಶಾಸ್ತ್ರಿ (1774–1864) ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ಅದಕ್ಕೂ ಮೊದಲೇ ರಚಿಸಿದ್ದರು. ಕನ್ನಡದ ಸಭೆಗಳಲ್ಲೂ ಪಲ್ಲವಿ, ಅನುಪಲ್ಲವಿ, ಚರಣಗಳ ಕೀರ್ತನೆ ಮತ್ತು ತಾಳದ ಭಜನೆಗಳು ಬಳಕೆಗೆ ಬಂದವು. ಎರಡು ಧಾಟಿಗಳಿಗೂ ಒಂದೇ ವಾದ್ಯ ದುಡಿಯಿತು, ಹಾರ್ಮೋನಿಯಂ. ಅದರ ಸ್ಥಿರ ಸ್ವರಗಳು ಯುರೋಪಿನ ರಾಗಗಳಿಗೆ ಸಲೀಸಾಗಿ ಒಗ್ಗಿದವು. ಕೀರ್ತನೆಯ ಗಮಕಗಳನ್ನು ಮಾತ್ರ ಗಾಯಕರೇ ಕಂಠದಲ್ಲಿ ತುಂಬಿಕೊಳ್ಳಬೇಕಿತ್ತು.

ಕಥೋಲಿಕರಲ್ಲಿ ಬದಲಾವಣೆ ತಡವಾಗಿ ಬಂತು. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದು, ನಡುರಾತ್ರಿಯ ಬಲಿಪೂಜೆಯ ಹಾಡುಗಾರಿಕೆಯಲ್ಲೂ ಲ್ಯಾಟಿನ್ನಿಗೇ ಮೊದಲ ಸ್ಥಾನವಿತ್ತು. ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಆರಾಧನೆಗೆ ಜನಭಾಷೆಯನ್ನು ಒಪ್ಪಿದ ಮೇಲೆ ಕನ್ನಡ, ಕೊಂಕಣಿ ಗೀತೆಗಳ ರಚನೆ ಚುರುಕಾಯಿತು. ಮಂಗಳೂರಿನಲ್ಲಿ ಕೊಂಕಣಿ ಹಾಡು ಇಗರ್ಜಿಯ ಹೊರಗೂ ಬೆಳೆಯಿತು. ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ (1942–2010) ಅವರ ‘ವಿಲ್ಫಿ ನೈಟ್’ ಕಾರ್ಯಕ್ರಮಗಳು ಹಾಡನ್ನು ಕೇಳಲೆಂದೇ ಜನ ಸೇರುವ ರೂಢಿಯನ್ನು ಬೆಳೆಸಿದವು.

ಹಾಡುವ ಸಭೆಯ ಜೊತೆಗೆ ಕೇಳುವ ಶ್ರೋತೃವರ್ಗ ಬೆಳೆಯಲು ಧ್ವನಿ ತಂತ್ರಜ್ಞಾನವೂ ಕಾರಣವಾಯಿತು. 1970ರಿಂದ ಸೇಶೆಲ್ಸ್ ದ್ವೀಪದ ಫೀಬಾ ಎಂಬ ಕ್ರೈಸ್ತ ರೇಡಿಯೊ ಭಾರತೀಯ ಭಾಷೆಗಳ ಕಾರ್ಯಕ್ರಮಗಳನ್ನು ಶಾರ್ಟ್‌ವೇವ್‌ನಲ್ಲಿ ತಲುಪಿಸಿತು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದಾಗ ಕ್ರೈಸ್ತ ಗೀತೆಗಳು ಮನೆಮನೆಯ ಟೇಪ್‌ರೆಕಾರ್ಡರ್ ಸೇರಿದವು. 1960ರ ದಶಕದ ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯುವಜನರ ಚಳವಳಿಯಿಂದ ಹೊಮ್ಮಿದ ಗಿಟಾರ್–ಡ್ರಮ್ಸ್‌ಗಳ ಹೊಸ ಶೈಲಿ, ಆಸ್ಟ್ರೇಲಿಯಾದ ಹಿಲ್‌ಸಾಂಗ್ ಸಭೆಯ ಗೀತೆಗಳು ಬೆಂಗಳೂರಿನ ಇಂಗ್ಲಿಷ್ ಸಭೆಗಳ ಮೂಲಕ ಕನ್ನಡಕ್ಕೂ ಇಳಿದವು. ತಮಿಳು, ತೆಲುಗು, ಮಲಯಾಳ ಹಾಡುಗಳ ರಾಗಕ್ಕೆ ಕನ್ನಡ ಮಾತು ಹೊಂದಿಸುವುದೂ ನಡೆಯಿತು. ಹಲವು ಸಭೆಗಳಲ್ಲಿ ಸಂಗೀತ ಪುಸ್ತಕದ ಜಾಗಕ್ಕೆ ಪರದೆ, ಕ್ವಾಯರಿನ ಜಾಗಕ್ಕೆ ಮೈಕ್ ಹಿಡಿದ ಮುಖ್ಯ ಗಾಯಕ ಬಂದದ್ದು ಈ ಘಟ್ಟದಲ್ಲಿ.

ಡಿಸೆಂಬರಿನಲ್ಲಿ ಎಲ್ಲ ಪದರಗಳೂ ಒಟ್ಟಿಗೆ ಕೇಳಿಬರುತ್ತವೆ. ಆಗಮನ ಕಾಲದ ಕ್ಯಾರೊಲ್ ಆರಾಧನೆಯಲ್ಲಿ ಕ್ವಾಯರ್ ನಾಲ್ಕು ಧ್ವನಿಗಳಲ್ಲಿ ಹಳೆಯ ಗೀತೆ ಹಾಡುತ್ತದೆ. ಯುವಕ ಸಂಘ ಹೊಸ ಹಾಡು ನುಡಿಸುತ್ತದೆ. ಮಹಿಳೆಯರ ಕೂಟ ಭಜನೆ ಹೇಳುತ್ತದೆ. ಸಂಜೆ ಮನೆಮನೆಗೆ ಹೋಗುವ ಕ್ಯಾರೊಲ್ ತಂಡಕ್ಕೆ ಕೇಕು, ಚಹಾ, ಕರಾವಳಿಯಲ್ಲಾದರೆ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳು ಸಿಗುತ್ತವೆ. ವೇದಿಕೆಯ ಕಾರ್ಯಕ್ರಮಗಳು ಕೇಳುಗರನ್ನು ಹೆಚ್ಚಿಸಿದ್ದರೂ, ಈ ಮನೆಭೇಟಿಯಲ್ಲಿ ಮನೆಯವರೂ ದನಿಗೂಡಿಸುವುದರಿಂದ ಸಭೆಯೆಲ್ಲ ಹಾಡುವ ಹಳೆಯ ಪದ್ಧತಿ ಬಳಕೆಯಲ್ಲಿ ಉಳಿದಿದೆ.