ಇಲಿ ಬಿದ್ದ ವರ್ಷಗಳ ಹರಕೆ

ನಮ್ಮ ಕೋಲಾರ ಸೀಮೆಯ ಹಳಬರು ಪ್ಲೇಗಿನ ಕಾಲವನ್ನು ಇಸವಿ ಹಿಡಿದು ಹೇಳುತ್ತಿರಲಿಲ್ಲ. 'ಇಲಿ ಬಿದ್ದ ವರ್ಷ' ಎನ್ನುತ್ತಿದ್ದರು. ಅಟ್ಟದಿಂದಲೋ ತೊಲೆಯ ಸಂದಿಯಿಂದಲೋ ಇಲಿಯೊಂದು ಹೊರಬಂದು, ಅಮಲೇರಿದಂತೆ ಸುತ್ತಿ ನಡುಮನೆಯಲ್ಲಿ ಬಿದ್ದು ಸತ್ತರೆ ಸಾಕು, ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಸುದ್ದಿ. ಮರುದಿನವೇ ಊರ ಹಿರಿಯರು ಮಾರಮ್ಮನ ಗುಡಿಯ ಮುಂದೆ ಸೇರುತ್ತಿದ್ದರು. ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನಾನು ಈ ಕಥೆಯನ್ನು ಮೊದಲು ಕೇಳಿದ್ದು ನನ್ನ ಅಜ್ಜಿಯ ಬಾಯಲ್ಲಿ. ಕಡತಗಳಲ್ಲಿ ಓದಿದ್ದು ಆಮೇಲೆ. ಕಡತಗಳಲ್ಲಿ ಸತ್ತವರ ಲೆಕ್ಕವಿದೆ, ಸುಣ್ಣ ಬಳಿಸಿದ ಮನೆಗಳ ಲೆಕ್ಕವಿದೆ. ಬದುಕಿದವರು ಯಾವುದರ ಬಲದಿಂದ ಆ ದಿನಗಳನ್ನು ಕಳೆದರು ಎಂಬುದು ಮಾತ್ರ ಅವುಗಳಲ್ಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಜೊತೆಗೇ ದಕ್ಷಿಣಕ್ಕೆ ಇಳಿಯಿತು. ಧಾರವಾಡ, ಹುಬ್ಬಳ್ಳಿ ದಾಟಿ 1898ರ ಆಗಸ್ಟಿನಲ್ಲಿ ಬೆಂಗಳೂರು ಸೇರಿತು. ಆ ಹೊತ್ತಿಗಾಗಲೇ ಬ್ರಿಟಿಷರು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿದ್ದರು. ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತ, ದಿವಾನರಾಗಿ ಶೇಷಾದ್ರಿ ಅಯ್ಯರ್. ಪ್ಲೇಗಿನ ಕೆಲಸಕ್ಕೆಂದೇ ವಿ.ಪಿ. ಮಾಧವರಾವ್ ಅವರನ್ನು ಕಮಿಷನರ್ ಆಗಿ ನೇಮಿಸಲಾಯಿತು. ಮನೆ ಶೋಧನೆ, ರೋಗಿಯನ್ನು ಬೇರೆ ಇಡುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬಿಡುವುದು, ಬಟ್ಟೆಬರೆ ಸುಡುವುದು ಶುರುವಾಯಿತು. ಹೆಂಡತಿಯನ್ನು ಅಪರಿಚಿತ ಗಂಡಸು ಮುಟ್ಟಿ ಗಡ್ಡೆ ನೋಡುವುದನ್ನು, ತಾಯಿಯನ್ನು ಗಾಡಿಯಲ್ಲಿ ಒಯ್ದುಬಿಡುವುದನ್ನು ಜನ ಸಹಿಸಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೇ ಆಯಿತು. ಅಧಿಕಾರಿಗಳ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಭಯಪಟ್ಟವನ ಎದುರು ಹೇಗೆ ನಿಲ್ಲಬೇಕೆಂಬುದು ಅವರಿಗೆ ತಿಳಿದಿರಲಿಲ್ಲ.

ಹಳ್ಳಿಯ ಕ್ರಮ ಬೇರೆಯಿತ್ತು. ಇಲಿ ಬಿದ್ದ ಮೇಲೆ ಮೊದಲು ಅಮ್ಮನ ಅಪ್ಪಣೆ ಕೇಳಬೇಕು. ಪೂಜಾರಿ ದೇವಿಯ ಮೈಮೇಲೆ ಹೂವಿಟ್ಟು ಕೈಮುಗಿದು ನಿಲ್ಲುತ್ತಾನೆ. ಊರವರೆಲ್ಲ ಉಸಿರು ಬಿಗಿಹಿಡಿದು ಆ ಹೂವನ್ನೇ ನೋಡುತ್ತಾರೆ. ಬಲಗಡೆ ಬಿದ್ದರೆ ಊರು ಬಿಡಲು ಅಪ್ಪಣೆಯಾಯಿತು. ನಮ್ಮಜ್ಜಿಯ ಊರಿನಲ್ಲಿ ಅಂದು ಹೂ ಬೀಳುವುದು ತಡವಾಯಿತಂತೆ, ಹೆಂಗಸರು ಅಳತೊಡಗಿದರಂತೆ. ಬಿದ್ದ ಮೇಲೆ ಮಾತಿಲ್ಲ. ರಾಗಿ, ಕಾಳು, ಒರಳು, ಕೋಳಿ, ಕುರಿ, ಮಕ್ಕಳು ಎಲ್ಲವನ್ನೂ ಹೊತ್ತು ಹೊಲದ ಕಡೆ ಹೊರಟರು. ತೆಂಗಿನ ಗರಿ, ಜೋಳದ ದಂಟು, ಬಿದಿರು ಕಟ್ಟಿ ಜೋಪಡಿ ಹಾಕಿಕೊಂಡರು. ಅಮ್ಮನ ಉತ್ಸವಮೂರ್ತಿಯನ್ನೂ ಹೊರಗೆ ತಂದು ಬೇವಿನ ಮರದಡಿ ಒಂದು ಚಪ್ಪರದಲ್ಲಿಟ್ಟರು. 'ನಾವು ಹೊರಗೆ ಮಳೆಯಲ್ಲಿ ನೆನೀತಿದ್ರೆ ಅವಳೊಬ್ಬಳು ಒಳಗೆ ಬೆಚ್ಚಗಿರ್ತಾಳಾ? ಅವಳೂ ಬಂದ್ಲು' ಎಂದು ಅಜ್ಜಿ ಹೇಳುತ್ತಿದ್ದಳು. ಪ್ರಾರ್ಥನೆಯ ಬಗ್ಗೆ ನಾನು ಎಷ್ಟೋ ಉಪನ್ಯಾಸ ಕೇಳಿದ್ದೇನೆ. ಕಷ್ಟದಲ್ಲಿ ದೇವರು ಜೊತೆಗಿರುತ್ತಾನೆ ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿದ್ದು ಕೇಳಿಲ್ಲ.

ಸಂಜೆಯ ಹೊತ್ತು ಜೋಪಡಿಗಳ ನಡುವೆ ತಂಬಿಟ್ಟಿನ ದೀಪ. ಅಕ್ಕಿಹಿಟ್ಟಿಗೆ ಬೆಲ್ಲ ಕಲೆಸಿ, ನಡುವೆ ಗುಳಿ ಮಾಡಿ, ತುಪ್ಪ ಹಾಕಿ ಬತ್ತಿ ಹಚ್ಚಿ, ತಲೆಯ ಮೇಲೆ ಹೊತ್ತು ಅಮ್ಮನ ಚಪ್ಪರಕ್ಕೆ ಬರುವುದು. ತುಪ್ಪವಿಲ್ಲದವರು ಹರಳೆಣ್ಣೆ ಹಾಕುತ್ತಿದ್ದರು. ಎಡೆಗೆ ಮೊಸರನ್ನ, ಈರುಳ್ಳಿ. ಅಮ್ಮ ಉರಿಯುತ್ತಿದ್ದಾಳೆ, ತಂಪು ಮಾಡಬೇಕು ಎಂಬ ನಂಬಿಕೆ. ಮಗುವಿಗೆ ಜ್ವರ ಬಂದರೆ ತಾಯಿ ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಗಂಟು ಹಾಕಿ ಮುಡಿಪು ಕಟ್ಟುತ್ತಿದ್ದಳು. ಗುಣವಾದರೆ ಜಾತ್ರೆಯಲ್ಲಿ ಬಿಚ್ಚುವುದು, ಬೇವಿನುಡಿಗೆ ಉಟ್ಟು ಗುಡಿ ಸುತ್ತುವುದು. ಮನೆಯಲ್ಲಿ ಎಷ್ಟೇ ಬಡತನವಿರಲಿ, ಆ ಕಾಸನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ, ಚೇಳಿನ ಭಯಕ್ಕೆ ಅವಳಿಗೆ ಕಾಣಿಕೆ. ನಮ್ಮ ಕಡೆ ಒಂದೊಂದು ಭಯವನ್ನೂ ಹೇಳಿಕೊಳ್ಳಲು ಒಬ್ಬೊಬ್ಬ ತಾಯಿ ಇದ್ದಳು.

ಇದನ್ನೆಲ್ಲ ಚಿನ್ನದ ನೀರು ಹೊಯ್ದು ಹೇಳಲು ನನಗೆ ಮನಸ್ಸಿಲ್ಲ. ಹೊಲದಲ್ಲೂ ಜಾತಿಗೊಂದು ಜೋಪಡಿ ಸಾಲು. ಹೆಣ ಹೊರಲು, ಗುಂಡಿ ತೋಡಲು, ತಮಟೆ ಬಡಿದು ಅಮ್ಮನನ್ನು ಕರೆಯಲು ಹೊಲೆಮಾದಿಗರ ಕೇರಿಯವರು ಬೇಕಾಗಿತ್ತು. ಗುಡಿಯ ಮೆಟ್ಟಿಲು ಹತ್ತಲು ಮಾತ್ರ ಅವರಿಗೆ ಅಪ್ಪಣೆಯಿರಲಿಲ್ಲ. ಇನ್ನೊಂದು ಪದ್ಧತಿ, ಮಾರಿಯನ್ನು ಗಡಿ ದಾಟಿಸುವುದು. ಮಣ್ಣಿನದೋ ಮರದ್ದೋ ಒಂದು ಗೊಂಬೆ ಮಾಡಿ, ಪುಟ್ಟ ಗಾಡಿಯಲ್ಲಿಟ್ಟು, ಮೊರ, ಬಳೆ, ಕುಂಕುಮ ಜೊತೆಗಿಟ್ಟು ರಾತ್ರಿ ಪಕ್ಕದೂರಿನ ಎಲ್ಲೆಯಲ್ಲಿ ಬಿಟ್ಟು ಬರುವುದು. ಬೆಳಗ್ಗೆ ಎದ್ದು ನೋಡಿದ ಆ ಊರಿನವರು ಅದನ್ನು ಮುಂದಿನ ಊರಿಗೆ ಸಾಗಿಸುವುದು. ಇದಕ್ಕಾಗಿ ಊರು ಊರುಗಳ ನಡುವೆ ದೊಣ್ಣೆ ಹಿಡಿದು ಕಾದಾಡಿದ್ದುಂಟು. ನನ್ನ ಮನೆ ಉಳಿಯಲಿ, ನಿನ್ನ ಮನೆಗೆ ಹೋಗಲಿ ಎಂಬುದು ಪ್ರಾರ್ಥನೆಯಲ್ಲ. ಅದು ಭಯ.

ಬೇಡಿಕೊಂಡವರೆಲ್ಲ ಉಳಿಯಲೂ ಇಲ್ಲ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಅಗ್ರಹಾರಕ್ಕೆ ಪ್ಲೇಗು ಬಂದಾಗ ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾದು ಕೂರುತ್ತಾರೆ. ದೇವರು ಹೂ ಕೊಡುವುದಿಲ್ಲ. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದ ನಂಜಮ್ಮನ ಮಕ್ಕಳನ್ನು ಪ್ಲೇಗು ಒಯ್ಯುತ್ತದೆ. ಭೈರಪ್ಪನವರು ಬರೆದದ್ದು ತಮ್ಮ ಮನೆಯಲ್ಲೇ ಕಂಡ ಸಾವನ್ನು. ನಮ್ಮಜ್ಜಿಯ ತಮ್ಮ ಕೂಡ ಜೋಪಡಿಯಲ್ಲೇ ಹೋದ. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಮುಡಿಪು ಕಟ್ಟಿತ್ತು, ದೀಪ ಹೊತ್ತಿತ್ತು, ಎಲ್ಲವೂ ಆಗಿತ್ತು. ಆದರೂ ನಾನು ಕಂಡಷ್ಟು ಕಾಲ ಅಜ್ಜಿ ವರ್ಷವರ್ಷವೂ ಅದೇ ಅಮ್ಮನಿಗೆ ದೀಪ ಹೊತ್ತಳು. ಓದಿದ ಗರ್ವದಲ್ಲಿ ನಾನೊಮ್ಮೆ 'ಕೊಡದ ದೇವರಿಗೆ ಯಾಕಜ್ಜಿ?' ಎಂದೆ. 'ಅವಳ ಹತ್ರ ಬಿಟ್ಟು ಇನ್ಯಾರ ಹತ್ರ ಹೇಳ್ಕೊಳ್ಳಲಪ್ಪ? ಅವತ್ತು ಅವನ ತಲೆ ನನ್ನ ತೊಡೆ ಮೇಲಿತ್ತು. ಅವಳಿದ್ದಾಳೆ ಅಂತಲೇ ನಾನು ಎದ್ದು ಓಡಲಿಲ್ಲ' ಎಂದಳು. ರೋಗಿಯನ್ನು ಒಂಟಿಯಾಗಿ ಬಿಟ್ಟು ಓಡಿದ ಮನೆಗಳೂ ಆ ಕಾಲದಲ್ಲಿದ್ದವು. ನಂಬಿಕೆ ಆ ಹುಡುಗನನ್ನು ಉಳಿಸಲಿಲ್ಲ, ಅಕ್ಕನನ್ನು ಅವನ ಪಕ್ಕದಲ್ಲಿ ಉಳಿಸಿತು. ನಾನಿದನ್ನು ಸಣ್ಣದೆಂದು ಎಣಿಸಲಾರೆ.

ಊರು ಬಿಟ್ಟದ್ದು ಸರಿಯಾದ ಕೆಲಸವೇ ಆಗಿತ್ತು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಸಿಮಾಂಡ್ 1898ರಲ್ಲಿ ಕಂಡುಕೊಂಡ. ಅದನ್ನು ಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿ ಸತ್ತ ಮೇಲೆ ಚಿಗಟ ಮನುಷ್ಯನ ಮೈಗೆ ಹತ್ತುತ್ತದೆ, ಹಾಗಾಗಿ ಇಲಿ ಬಿದ್ದ ಮನೆಯನ್ನು ತಕ್ಷಣ ಬಿಡುವುದಕ್ಕಿಂತ ದೊಡ್ಡ ರಕ್ಷಣೆ ಆಗ ಇರಲಿಲ್ಲ. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಮರುವರ್ಷ ಹುಬ್ಬಳ್ಳಿಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಆದರೆ ಹಳ್ಳಿಗೆ ಸೂಜಿ ತಲುಪುವ ಮೊದಲೇ ಅಮ್ಮನ ಅಪ್ಪಣೆ ತಲುಪಿತ್ತು. ಮನೆ, ಬಾವಿ, ಕಣಜ ಬಿಟ್ಟು ಇಡೀ ಊರು ಒಂದೇ ದಿನ ಹೊರಡುವುದು ಪೊಲೀಸರ ಕೈಲಿ ಆಗುವ ಕೆಲಸವಲ್ಲ.

ಪ್ಲೇಗು ಹೋದ ಮೇಲೂ ಜನ ಅಮ್ಮನನ್ನು ಬಿಡಲಿಲ್ಲ. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗಮ್ಮನ ಗುಡಿ ಇಂದಿಗೂ ಇದೆ. ಬೇರೆ ಧರ್ಮದವರೂ ಹೀಗೆಯೇ ಮೊರೆಹೋಗಿದ್ದರು: ಮುಂಬಯಿಯ ಹಳೆಯ ಕ್ರೈಸ್ತ ಕೇರಿಗಳಲ್ಲಿ ಅದೇ ಕಾಲದಲ್ಲಿ ನೆಟ್ಟ ಪ್ಲೇಗ್ ಶಿಲುಬೆಗಳಿವೆ.

ನಾನು ಕೆಲಸಕ್ಕೆ ಸೇರಿದಾಗ ಸಿಡುಬನ್ನು ನಿರ್ಮೂಲ ಮಾಡುವ ಕೊನೆಯ ಹಂತ ನಡೆದಿತ್ತು. ಎರಡು ಮೊನೆಯ ಸೂಜಿ ಹಿಡಿದು ಹಳ್ಳಿಗೆ ಹೋದರೆ, ಸಿಡುಬನ್ನೂ ಅಮ್ಮನೆಂದೇ ನಂಬಿದ ಜನ 'ಅಮ್ಮ ಬಂದಿರೋ ಮನೆ, ದಾಕು ಹಾಕಬೇಡಿ ಸ್ವಾಮಿ' ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಜೋರು ಮಾಡಿದ ಸಹೋದ್ಯೋಗಿಗಳು ಬರಿಗೈಲಿ ಹಿಂತಿರುಗಿದರು. ನಾನು ಚಪ್ಪಲಿ ಬಿಟ್ಟು ಮೊದಲು ಗುಡಿಗೆ ಹೋಗಿ ಕುಂಕುಮ ಇಟ್ಟುಕೊಂಡು ಬರುತ್ತಿದ್ದೆ. ಅದು ನಾಟಕವಾಗಿರಲಿಲ್ಲ, ನನಗೂ ಅವಳು ಬೇಕಾಗಿದ್ದಳು. ಆಮೇಲೆ ಮನೆಯ ಹಿರಿಯ ಹೆಂಗಸೇ ಮೊಮ್ಮಕ್ಕಳ ತೋಳು ಹಿಡಿದು ಮುಂದೆ ತರುತ್ತಿದ್ದಳು. 1975ರ ನಂತರ ದೇಶದಲ್ಲಿ ಸಿಡುಬು ಕಾಣಲಿಲ್ಲ. ಕೈಮುಗಿದವರೇ ಕೈಚಾಚಿ ದಾಕು ಹಾಕಿಸಿಕೊಂಡರು ಎಂಬುದನ್ನು ಕಣ್ಣಾರೆ ಕಂಡ ನನಗೆ, ದೇವರನ್ನು ನಂಬುವವರು ಔಷಧಿಯ ವೈರಿಗಳೆಂಬ ಮಾತು ಒಪ್ಪಿಗೆಯಿಲ್ಲ.

ಪ್ಲೇಗು ಕೂಡ 1966ರಲ್ಲಿ ನಮ್ಮ ಜಿಲ್ಲೆಯ ಮುಳಬಾಗಿಲಿನ ಕಡೆ ಕೊನೆಯ ಬಾರಿ ಕಾಣಿಸಿಕೊಂಡು, 1994ರಲ್ಲಿ ಸೂರತ್ತಿನ ಸುದ್ದಿ ಬರುವವರೆಗೆ ದೇಶದಿಂದಲೇ ಮರೆಯಾಗಿತ್ತು. ಜೋಪಡಿಯಲ್ಲಿ ಮಲಗಿದ್ದ ಮಕ್ಕಳಲ್ಲಿ ಕೆಲವರು ಈಗ ತೊಂಬತ್ತು ದಾಟಿ ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಅವರ ಮಾತಿನಲ್ಲೇ ಬರೆದಿಡಿ. ಎಷ್ಟು ಜನ ಸತ್ತರೆಂದಷ್ಟೇ ಕೇಳಬೇಡಿ, ಆ ರಾತ್ರಿಗಳಲ್ಲಿ ಏನೆಂದು ಬೇಡಿಕೊಂಡರೆಂಬುದನ್ನೂ ಕೇಳಿ.